ಬಿಳಿ ಪಟ್ಟಿಯ ಕತೆ: ಕಳಕ್ಕೂಟದ ಹೆದ್ದಾರಿ ಮತ್ತು ಶಾಲೆಗೆ ಹೋಗುವ ಮಕ್ಕಳು

ರಸ್ತೆ ದಾಟುವುದಕ್ಕೂ ಒಂದು ಇತಿಹಾಸ ಇದೆ ಅಂದರೆ ನಗಬೇಡಿ. ಇದೆ. ರಸ್ತೆಯ ಮೇಲೆ ಬಳಿದ ಆ ಕಪ್ಪು-ಬಿಳಿ ಪಟ್ಟಿಗಳಿಗೆ ನಾವು ಜೀಬ್ರಾ ಕ್ರಾಸಿಂಗ್ ಅನ್ನುತ್ತೇವೆ, ಇಲ್ಲಿ ಕೇರಳದಲ್ಲಿ ಸೀಬ್ರಾ ಲೈನ್ ಅನ್ನುತ್ತಾರೆ. ಹೆಸರು ಏನೇ ಇರಲಿ, ಅದರ ಮೇಲೆ ಕಾಲಿಟ್ಟರೆ ಗಾಡಿ ನಿಲ್ಲುತ್ತದೆ ಎಂಬ ಭರವಸೆ ನಮ್ಮಲ್ಲಿ ಯಾರಿಗೂ ಇಲ್ಲ. ಆದರೂ ಪ್ರತಿ ವರ್ಷ ಮಕ್ಕಳಿಗೆ "ಅಲ್ಲೇ ದಾಟು" ಎಂದು ಹೇಳಿ ಕಳಿಸುತ್ತೇವೆ. ಈ ಪಟ್ಟಿ ಎಲ್ಲಿಂದ ಬಂತು, ಯಾಕೆ ಬಂತು, ನಮ್ಮಲ್ಲಿಗೆ ಬರುವಷ್ಟರಲ್ಲಿ ಅದರ ಅರ್ಥ ಎಲ್ಲಿ ಸೋರಿಹೋಯಿತು ಎಂದು ಹುಡುಕುತ್ತ ಹೋದರೆ ನೂರು ವರ್ಷದ ಒಂದು ಜಗಳ ಕಣ್ಣಿಗೆ ಬೀಳುತ್ತದೆ. ಜಗಳದ ವಿಷಯ ಒಂದೇ. ಮಗು ರಸ್ತೆಗೆ ಹೊಂದಿಕೊಳ್ಳಬೇಕೋ, ರಸ್ತೆ ಮಗುವಿಗೆ ಹೊಂದಿಕೊಳ್ಳಬೇಕೋ?

ಮೊದಲು ನಮ್ಮ ಕಳಕ್ಕೂಟದಿಂದಲೇ ಶುರು ಮಾಡೋಣ.

ತಿರುವನಂತಪುರದಿಂದ ಉತ್ತರಕ್ಕೆ ಹೊರಟರೆ ಸಿಗುವ ಈ ಊರನ್ನು ಇವತ್ತು ಎಲ್ಲರೂ ಟೆಕ್ನೋಪಾರ್ಕಿನ ಹೆಸರಿನಿಂದ ಗುರುತಿಸುತ್ತಾರೆ. ಬೆಂಗಳೂರಿನಿಂದ, ಮಂಗಳೂರಿನಿಂದ ಬಂದು ನೆಲೆಸಿದ ನಮ್ಮಂಥವರು ಇಲ್ಲಿ ಸೇರಿದ್ದೂ ಅದರಿಂದಲೇ. ಆದರೆ ಟೆಕ್ನೋಪಾರ್ಕ್ ಶುರುವಾದದ್ದು 1990ರಲ್ಲಿ. ಅದಕ್ಕೂ ಮುಂಚೆ, 1962ರಲ್ಲೇ, ಇಲ್ಲಿ ಸೈನಿಕ ಶಾಲೆ ಬಂದಿತ್ತು. ಹತ್ತಿರದ ತುಂಬಾದಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. ರಾಕೆಟ್ಟಿನ ಭಾಗವನ್ನು ಸೈಕಲ್ಲಿನ ಕ್ಯಾರಿಯರ್ ಮೇಲಿಟ್ಟು ತಳ್ಳಿಕೊಂಡು ಹೋಗುವ ಆ ಹಳೆಯ ಫೋಟೋ ನೀವೂ ನೋಡಿರುತ್ತೀರಿ. ಆ ಕಾಲದ ರಸ್ತೆಯ ವೇಗ ಎಷ್ಟಿತ್ತು ಎಂದು ತಿಳಿಯಲು ಅದೊಂದೇ ಫೋಟೋ ಸಾಕು!

ಇನ್ನೂ ಹಿಂದೆ ಹೋದರೆ, 1817ರಲ್ಲಿ ತಿರುವಾಂಕೂರಿನ ರಾಣಿ ಗೌರಿ ಪಾರ್ವತಿ ಬಾಯಿ ಪ್ರಜೆಗಳ ಶಿಕ್ಷಣದ ಖರ್ಚನ್ನು ಸರ್ಕಾರವೇ ಹೊರಬೇಕು ಎಂದು ಆಜ್ಞೆ ಹೊರಡಿಸಿದ್ದಳು. ಆಮೇಲೆ ಮಿಷನ್‌ನವರು, ಸಮುದಾಯ ಸಂಘಟನೆಗಳು, ಸರ್ಕಾರ ಎಲ್ಲರೂ ಶಾಲೆ ಕಟ್ಟಿದರು. ಎಲ್ಲಿ ಕಟ್ಟಿದರು? ಮಕ್ಕಳು ನಡೆದು ಬರಲು ಅನುಕೂಲವಾದ ಕಡೆ, ಅಂದರೆ ರಸ್ತೆಯ ಪಕ್ಕ. ಕೇರಳದಲ್ಲಿ ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದೇ ಕಷ್ಟ. ರಸ್ತೆಯ ಉದ್ದಕ್ಕೂ ಮನೆ, ಅಂಗಡಿ, ದೇವಸ್ಥಾನ, ಮಸೀದಿ, ಚರ್ಚು, ನಡುನಡುವೆ ಶಾಲೆ. ಆ ಕಾಲಕ್ಕೆ ಅದು ಸರಿಯಾದ ಆಯ್ಕೆಯೇ ಆಗಿತ್ತು. ಶಾಲೆಗಳು ಹೆದ್ದಾರಿಯ ಪಕ್ಕಕ್ಕೆ ಬಂದು ಕೂತದ್ದಲ್ಲ. ಇದ್ದ ದಾರಿಯೇ ಬೆಳೆಯುತ್ತ ಬೆಳೆಯುತ್ತ ಹೆದ್ದಾರಿಯಾಗಿ ಶಾಲೆಯ ಗೇಟಿಗೆ ಬಂದು ನಿಂತಿತು.

ಆ ದಾರಿಯ ಹೆಸರು ಬಹುಕಾಲ ಎನ್‌ಎಚ್ 47. ಸೇಲಂನಿಂದ ಹೊರಟು ಕೊಚ್ಚಿ, ತಿರುವನಂತಪುರ ದಾಟಿ ಕನ್ಯಾಕುಮಾರಿಗೆ ಹೋಗುತ್ತಿತ್ತು. 2010ರಲ್ಲಿ ದೇಶದ ಹೆದ್ದಾರಿಗಳ ಸಂಖ್ಯೆ ಬದಲಾದಾಗ ಕೊಚ್ಚಿಯ ಇಡಪಳ್ಳಿಯಿಂದ ದಕ್ಷಿಣದ ಭಾಗ ಎನ್‌ಎಚ್ 66ಕ್ಕೆ ಸೇರಿತು. ಈ 66 ಯಾವುದು ಗೊತ್ತೇ? ನಮ್ಮ ಹಳೆಯ ಎನ್‌ಎಚ್ 17! ಪನ್ವೇಲ್‌ನಿಂದ ಹೊರಟು ಕಾರವಾರ, ಕುಂದಾಪುರ, ಉಡುಪಿ, ಮಂಗಳೂರು, ತಲಪಾಡಿ ದಾಟಿ, ಮಂಜೇಶ್ವರ, ಕುಂಬಳೆ, ಕಾಸರಗೋಡು ಮುಗಿಸಿ ಕೆಳಗೆ ಬರುವ ಅದೇ ರಸ್ತೆ. ಊರಲ್ಲಿ ಚಿಕ್ಕವರಿದ್ದಾಗ ಯಾವ ರಸ್ತೆಯ ಅಂಚಿನಲ್ಲಿ ಸಾಲಾಗಿ ಶಾಲೆಗೆ ನಡೆದೆವೋ, ಅದೇ ರಸ್ತೆಯ ಇನ್ನೊಂದು ತುದಿಯಲ್ಲಿ ನಮ್ಮ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಹಾಗಾಗಿ ಇದು ಕಳಕ್ಕೂಟದ ಕತೆ ಮಾತ್ರ ಅಲ್ಲ, ಉಡುಪಿಯದೂ ಹೌದು, ಉಪ್ಪಳದ್ದೂ ಹೌದು.

ಇರಲಿ, ಈಗ ಸ್ವಲ್ಪ ದೂರ ಹೋಗಿ ಬರೋಣ. ಮೋಟಾರು ಮೊದಲು ತುಂಬಿದ್ದು ಅಮೆರಿಕದ ಬೀದಿಗಳಲ್ಲಿ. ಅಲ್ಲಿಯವರೆಗೆ ಬೀದಿ ಎಲ್ಲರದಾಗಿತ್ತು. ಮಕ್ಕಳು ಅಲ್ಲೇ ಆಡುತ್ತಿದ್ದರು, ಹಾಗಾಗಿ ಕಾರಿನಡಿ ಸಿಕ್ಕವರಲ್ಲಿ ಮಕ್ಕಳು ಬಹಳ. ಜನ ಸಿಟ್ಟಾದರು, ಕಾರುಗಳ ವೇಗಕ್ಕೆ ಕಡಿವಾಣ ಹಾಕಿ ಎಂದರು. ಕಾರು ಮಾರುವವರಿಗೂ ಕಾರು ಕ್ಲಬ್ಬಿನವರಿಗೂ ಇದು ಬೇಡವಾಗಿತ್ತು. ಎಲ್ಲೆಂದರಲ್ಲಿ ರಸ್ತೆ ದಾಟುವವರನ್ನು ಹಳ್ಳಿ ಗಮಾರರು ಎಂದು ಗೇಲಿ ಮಾಡುವ 'ಜೇವಾಕರ್' ಎಂಬ ಪದವನ್ನು ಅವರು ಪ್ರಚಾರಕ್ಕೆ ತಂದರು. 1925ರಲ್ಲಿ ಲಾಸ್ ಏಂಜಲಿಸ್ ನಗರ ಪಾದಚಾರಿಗಳನ್ನು ಅಂಕೆಯಲ್ಲಿಡುವ ಸಂಚಾರ ಕಾನೂನನ್ನೇ ಮಾಡಿತು. 1920ರಲ್ಲಿ ಶಿಕಾಗೋದಲ್ಲಿ ಕಾರು ಕ್ಲಬ್ಬಿನ ನೆರವಿನಿಂದಲೇ ಶಾಲಾ ಮಕ್ಕಳ ಸುರಕ್ಷಾ ದಳ ಹುಟ್ಟಿತ್ತು. ಹಿರಿಯ ವಿದ್ಯಾರ್ಥಿಗಳು ಪಟ್ಟಿ ಕಟ್ಟಿಕೊಂಡು ನಿಂತು ಕಿರಿಯರನ್ನು ದಾಟಿಸುವುದು. ಒಳ್ಳೆಯ ಕೆಲಸವೇ, ಅನೇಕ ಜೀವ ಉಳಿದಿರಬೇಕು. ಆದರೆ ಅದರೊಳಗೆ ಇನ್ನೊಂದು ಮಾತು ಸದ್ದಿಲ್ಲದೆ ಸೇರಿಕೊಂಡಿತು. ರಸ್ತೆ ಕಾರಿನದು, ಮಗು ಅಲ್ಲಿ ಬಂದುಹೋಗುವ ನೆಂಟ, ನೆಂಟನೇ ಜಾಗ್ರತೆಯಾಗಿರಬೇಕು!

ಬ್ರಿಟನ್ನಿನಲ್ಲಿ ಕತೆ ಸ್ವಲ್ಪ ಬೇರೆ. ಅಲ್ಲಿ 1930ರಲ್ಲಿ ಕಾರುಗಳಿಗೆ ಇದ್ದ ವೇಗಮಿತಿಯನ್ನು ತೆಗೆದೇ ಹಾಕಿದ್ದರು. 1934ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು. ಆಗ ಸಾರಿಗೆ ಮಂತ್ರಿಯಾಗಿ ಬಂದ ಲೆಸ್ಲಿ ಹೋರ್-ಬೆಲಿಶಾ ದಾಟುವ ಜಾಗಗಳಲ್ಲಿ ಕಂಬ ನೆಟ್ಟು ಮೇಲೊಂದು ಕಿತ್ತಳೆ ಬಣ್ಣದ ಗೋಲ ಇಡಿಸಿದ. ಜೊತೆಗೆ 1935ರ ಮಾರ್ಚಿನಿಂದ ಊರೊಳಗೆ ಗಂಟೆಗೆ 30 ಮೈಲಿಯ ಮಿತಿ ಮತ್ತೆ ಬಂತು. ಕಂಬ ನೋಡಿ ಗಾಡಿಗಳು ನಿಲ್ಲದಾದಾಗ ನೆಲದ ಮೇಲೇ ಗುರುತು ಮಾಡಿದರೆ ಹೇಗೆ ಎಂದು 1949ರಲ್ಲಿ ಸುಮಾರು ಸಾವಿರ ಕಡೆ ಬಣ್ಣಬಣ್ಣದ ಪಟ್ಟಿ ಬಳಿದು ಪರೀಕ್ಷಿಸಿದರು. ಕಪ್ಪು-ಬಿಳಿ ಗೆದ್ದಿತು. 1951ರಲ್ಲಿ ಜೀಬ್ರಾ ಪಟ್ಟಿ ಕಾನೂನಾಯಿತು. ಇಲ್ಲಿ ಗಮನಿಸಬೇಕಾದದ್ದು ಬಣ್ಣ ಅಲ್ಲ. ಪಟ್ಟಿಯ ಮೇಲೆ ಕಾಲಿಟ್ಟವನಿಗೆ ಗಾಡಿ ದಾರಿ ಬಿಡಲೇಬೇಕು ಎಂಬ ಹಕ್ಕು. ಬಣ್ಣ ಆ ಹಕ್ಕಿನ ರಸೀದಿ ಅಷ್ಟೇ. ನಮ್ಮಲ್ಲಿಗೆ ರಸೀದಿ ಬಂತು, ಹಕ್ಕು ಬರಲಿಲ್ಲ.

ಮಕ್ಕಳಿಗೆ ಪಟ್ಟಿಯೂ ಸಾಲದು ಎಂದು ಬ್ರಿಟಿಷರಿಗೆ ಬೇಗ ಗೊತ್ತಾಯಿತು. 1937ರಲ್ಲೇ ಬಾತ್ ನಗರ ಶಾಲೆಯ ಮುಂದೆ ಮಕ್ಕಳನ್ನು ದಾಟಿಸಲು ಮೇರಿ ಹಂಟ್ ಎಂಬ ಮಹಿಳೆಯನ್ನು ನೇಮಿಸಿಕೊಂಡಿತ್ತು. 1953ರಲ್ಲಿ ಸಂಸತ್ತು ಇದಕ್ಕಾಗಿಯೇ ಕಾನೂನು ಮಾಡಿತು. ಉದ್ದ ಕೋಲಿನ ತುದಿಯಲ್ಲಿ ದುಂಡಗಿನ ಫಲಕ ಹಿಡಿದ ಆ ಹೆಂಗಸರನ್ನು ಮಕ್ಕಳು ಲಾಲಿಪಾಪ್ ಲೇಡಿ ಎಂದು ಕರೆದರು. ಕೋಲು ಎತ್ತಿದರೆ ಲಾರಿಯಾಗಲಿ ಮಂತ್ರಿಯ ಕಾರಾಗಲಿ ನಿಲ್ಲಬೇಕು. ಜಪಾನಿನಲ್ಲೂ ಇಂಥದೇ ಇದೆ. 1959ರ ನವೆಂಬರಿನಲ್ಲಿ ಟೋಕಿಯೋದಲ್ಲಿ ಹಸಿರು ಸಮವಸ್ತ್ರದ ಹೆಂಗಸರನ್ನು ಶಾಲೆಯ ದಾರಿಗಳಲ್ಲಿ ನಿಲ್ಲಿಸಿದರು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೆ ಒಂದು ಸಂಪಾದನೆಯೂ ಆಗಲಿ ಎಂಬುದು ಅದರ ಹಿಂದಿನ ಯೋಚನೆ. ಮಕ್ಕಳು ಅವರನ್ನು 'ಹಸಿರು ಚಿಕ್ಕಮ್ಮ' ಎಂದು ಕರೆದರು. ಆದರೂ ಜಪಾನಿನ ರಸ್ತೆಗಳಲ್ಲಿ ಸಾವು ಏರುತ್ತಲೇ ಹೋಗಿ 1970ರಲ್ಲಿ 16,765ಕ್ಕೆ ಮುಟ್ಟಿತು. ಆಮೇಲೆ ಅದು ಇಳಿದದ್ದು ಫುಟ್‌ಪಾತ್, ಸಿಗ್ನಲ್, ಶಾಲೆಯ ದಾರಿಗೇ ಬೇರೆ ನಿಯಮ ಎಂದು ರಸ್ತೆಯನ್ನೇ ತಿದ್ದುತ್ತ ಹೋದ ಮೇಲೆ.

ಇನ್ನು ಸ್ವೀಡನ್. 1960ರ ದಶಕದಲ್ಲಿ ಸ್ಟೀನಾ ಸಾಂಡೆಲ್ಸ್ ಎಂಬ ಮನಃಶಾಸ್ತ್ರಜ್ಞೆ ಮಕ್ಕಳು ರಸ್ತೆಯಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂದು ವರ್ಷಗಟ್ಟಲೆ ಗಮನಿಸಿದಳು. ಚಿಕ್ಕ ಮಕ್ಕಳಿಗೆ ಬರುವ ಗಾಡಿಯ ವೇಗ ಅಂದಾಜಾಗುವುದಿಲ್ಲ, ಸದ್ದು ಯಾವ ಕಡೆಯದೆಂದು ಸರಿಯಾಗಿ ತಿಳಿಯುವುದಿಲ್ಲ. ಪಾಠ ಬಾಯಿಗೆ ಬರುತ್ತದೆ, ಆಚೆ ಬದಿಯಲ್ಲಿ ಗೆಳೆಯ ಕಂಡ ಕೂಡಲೇ ಕಾಲು ಓಡುತ್ತದೆ. ಎಷ್ಟೇ ಕಲಿಸಿದರೂ ಚಿಕ್ಕ ಮಕ್ಕಳನ್ನು ಟ್ರಾಫಿಕ್ಕಿಗೆ ಹೊಂದಿಸಲು ಆಗುವುದಿಲ್ಲ, ಟ್ರಾಫಿಕ್ಕನ್ನೇ ಅವರಿಗೆ ಹೊಂದಿಸಬೇಕು ಎಂದು ಅವಳು ತೀರ್ಮಾನಿಸಿದಳು. "ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ ನೋಡು" ಎಂದು ನಾವು ಕಲಿತದ್ದು, ಕಲಿಸುವುದು ಸುಳ್ಳೇನಲ್ಲ. ಆರು ವರ್ಷದ ಮಗುವಿನ ಮೇಲೆ ಅಷ್ಟು ಭಾರ ಹೊರಿಸಲಾಗದು ಅಷ್ಟೇ.

ಹಾಲೆಂಡಿನವರು ಇದನ್ನು ಬೀದಿಗಿಳಿದು ಕೇಳಿದರು. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು ಮೂರು ಸಾವಿರಕ್ಕೂ ಹೆಚ್ಚು, ಅದರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತನ ಮಗಳೂ ಅವರಲ್ಲಿ ಒಬ್ಬಳು. ಅವನು ಬರೆದ ಲೇಖನದಿಂದ 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಚಳವಳಿಯೇ ಹುಟ್ಟಿತು. ಅಪಘಾತ ಎನ್ನಲಿಲ್ಲ, ಕೊಲೆ ಎಂದರು. ತಾಯಂದಿರು ಮಕ್ಕಳನ್ನು ಕರೆದುಕೊಂಡು ಬಂದು ಬೀದಿ ಅಡ್ಡಗಟ್ಟಿದರು. 1976ರಲ್ಲಿ ಗಾಡಿಗಳು ನಡಿಗೆಯ ವೇಗದಲ್ಲಿ ಹೋಗಬೇಕಾದ ವಸತಿ ಬೀದಿಗಳಿಗೆ ಕಾನೂನಿನ ಮಾನ್ಯತೆ ಸಿಕ್ಕಿತು, ಮುಂದೆ 30 ಕಿಲೋಮೀಟರಿನ ವಲಯಗಳೂ ಬಂದವು. ಇವತ್ತು ಆ ದೇಶದಲ್ಲಿ ಗಾಡಿಗಳು ಎಷ್ಟೋ ಪಟ್ಟು ಹೆಚ್ಚಿವೆ, ವರ್ಷಕ್ಕೆ ಸಾಯುವವರು ಏಳುನೂರರ ಆಸುಪಾಸು.

ಸರಿ, ಕೇರಳಕ್ಕೆ ವಾಪಸು ಬರೋಣ. ಕೇರಳ ಈ ವಿಷಯದಲ್ಲಿ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ಸಾರಿಗೆ ಸಂಶೋಧನೆಗೆಂದೇ ನ್ಯಾಟ್‌ಪ್ಯಾಕ್ ಎಂಬ ಸಂಸ್ಥೆ 1976ರಲ್ಲೇ ತಿರುವನಂತಪುರದಲ್ಲಿ ಶುರುವಾಯಿತು. 2007ರಲ್ಲಿ ರಸ್ತೆ ಸುರಕ್ಷತಾ ಪ್ರಾಧಿಕಾರಕ್ಕಾಗಿ ರಾಜ್ಯ ತನ್ನದೇ ಕಾನೂನು ಮಾಡಿತು. ಮರುವರ್ಷವೇ, 2008ರ ಡಿಸೆಂಬರ್ 4ರಂದು, ಕಣ್ಣೂರು ಜಿಲ್ಲೆಯ ಇರಿಕ್ಕೂರಿನ ಹತ್ತಿರ ಪೆರುಮಣ್ಣಿನಲ್ಲಿ ಶಾಲೆ ಬಿಟ್ಟು ರಸ್ತೆಯ ಅಂಚಿನಲ್ಲಿ ಸಾಲಾಗಿ ಮನೆಗೆ ಹೋಗುತ್ತಿದ್ದ ಮಕ್ಕಳ ಮೇಲೆ ಜೀಪೊಂದು ನುಗ್ಗಿತು. ಹತ್ತು ಮಕ್ಕಳು ಹೋದರು. ಆ ಮಕ್ಕಳು ಯಾವ ನಿಯಮವನ್ನೂ ಮೀರಿರಲಿಲ್ಲ. ಕಲಿಸಿದ ಹಾಗೇ ಸಾಲು ಹಿಡಿದು, ಅಂಚಿನಲ್ಲೇ ನಡೆದಿದ್ದರು. ಸಾಂಡೆಲ್ಸ್ ಹೇಳಿದ್ದಕ್ಕೆ ಇದಕ್ಕಿಂತ ಕಠಿಣ ಸಾಕ್ಷಿ ಬೇಕೇ?

2010ರ ಆಗಸ್ಟ್ 2ರಂದು ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ 127 ಶಾಲೆಗಳಲ್ಲಿ ಆರಂಭವಾಯಿತು. ಇದರ ಬೇರು ಇರುವುದು ಕೊಚ್ಚಿಯಲ್ಲಿ. ಅಲ್ಲಿ ಪೊಲೀಸ್ ಅಧಿಕಾರಿ ಪಿ. ವಿಜಯನ್ ಅವರು ಶಾಲೆಗಳೊಡನೆ ಮಾಡಿದ ಪ್ರಯೋಗವೇ ರಾಜ್ಯಕ್ಕೆ ಹಬ್ಬಿತು, 2018ರಲ್ಲಿ ಕೇಂದ್ರ ಸರ್ಕಾರ ಅದನ್ನು ದೇಶಕ್ಕೆಲ್ಲ ತಂದಿತು. ಖಾಕಿ ತೊಟ್ಟ ಹೈಸ್ಕೂಲ್ ಮಕ್ಕಳು ಶಾಲೆಯ ಮುಂದೆ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿ ಚಿಕ್ಕವರನ್ನು ದಾಟಿಸುವುದು ಇಲ್ಲಿ ದಿನನಿತ್ಯದ ನೋಟ. ಹಲವು ಕಡೆ ನಿವೃತ್ತ ಸೈನಿಕರಾದ ಹೋಂ ಗಾರ್ಡುಗಳೂ ನಿಲ್ಲುತ್ತಾರೆ. ಮಳೆಯಲ್ಲಿ ರೈನ್‌ಕೋಟ್ ಹಾಕಿ, ಒಂದು ಕೈಯಲ್ಲಿ ಮಗುವಿನ ಬೆರಳು, ಇನ್ನೊಂದು ಕೈ ಬಸ್ಸಿನ ಮುಖಕ್ಕೆ ಅಡ್ಡ. ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ. ಆದರೆ ಶಿಕಾಗೋದ 1920ನ್ನೂ ಕೇರಳದ 2010ನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಕಡೆ ನಾವು ಸಿದ್ಧ ಮಾಡಿದ್ದು ಮಕ್ಕಳನ್ನು. ರಸ್ತೆ ಮಾತ್ರ ತನ್ನ ಪಾಡಿಗೆ ಅಗಲವಾಗುತ್ತ ಹೋಯಿತು.

ಎಷ್ಟು ಅಗಲ? ಹಳೆಯ ಎರಡು ಲೇನಿನ ರಸ್ತೆ ಸುಮಾರು ಏಳು ಮೀಟರ್. ಚಿಕ್ಕ ಮಗು ಸೆಕೆಂಡಿಗೆ ಒಂದು ಮೀಟರ್ ನಡೆಯುತ್ತದೆ ಎಂದುಕೊಂಡರೆ ಏಳು ಸೆಕೆಂಡಿನಲ್ಲಿ ಆಚೆ. ಈಗ ಎನ್‌ಎಚ್ 66 ಆರು ಲೇನ್ ಆಗುತ್ತಿದೆ, ಸರ್ವಿಸ್ ರಸ್ತೆ ಸೇರಿ 45 ಮೀಟರ್. ನಡುವಿನ ಲೇನುಗಳನ್ನು ನೆಲದಲ್ಲಿ ದಾಟುವ ಹಾಗೇ ಇಲ್ಲ. ಅಂಡರ್‌ಪಾಸ್ ಎಲ್ಲಿದೆಯೋ, ಮೇಲ್ಸೇತುವೆ ಎಲ್ಲಿದೆಯೋ, ಅಲ್ಲಿಯವರೆಗೆ ನಡೆಯಬೇಕು. ಶಾಲೆ ಕಣ್ಣೆದುರೇ ಇದ್ದರೂ ದಾರಿ ಸುತ್ತಿಕೊಂಡು ಹೋಗುತ್ತದೆ. ಕಾಸರಗೋಡಿನ ನಮ್ಮ ಕನ್ನಡ ಊರುಗಳಲ್ಲಿ ಅಂಡರ್‌ಪಾಸಿಗಾಗಿ ಜನ ಬೀದಿಗಿಳಿದದ್ದು ಇದಕ್ಕೇ. ಹೊರಗಿನವರಿಗೆ ಅದು ಅಭಿವೃದ್ಧಿಗೆ ಅಡ್ಡಗಾಲು ಎಂದು ಕಾಣಬಹುದು. ಅಲ್ಲಿನ ತಾಯಿಗೆ ಅದು ದಿನಕ್ಕೆ ಎರಡು ಸಲದ ಪ್ರಶ್ನೆ.

ಕಳಕ್ಕೂಟದಲ್ಲಿ ಆದದ್ದು ಇನ್ನೊಂದು ಬಗೆ. ಇಲ್ಲಿ ರಸ್ತೆ ಕವಲಾಗುತ್ತದೆ. ಒಂದು ಕಾರ್ಯವಟ್ಟಂ, ಶ್ರೀಕಾರ್ಯಂ ಮೂಲಕ ನಗರದೊಳಗೆ ಹೋಗುವ ಹಳೆಯ ದಾರಿ, ಇನ್ನೊಂದು ಕೋವಳಂ ಕಡೆಯ ಬೈಪಾಸ್. ಟೆಕ್ನೋಪಾರ್ಕ್ ಬೆಳೆದಂತೆ ಆಫೀಸಿಗೆ ಹೋಗುವವರ ಅವಸರವೂ ಶಾಲೆಯ ಗಂಟೆಯೂ ಒಂದೇ ಹೊತ್ತಿಗೆ ಬಂದು ಡಿಕ್ಕಿ ಹೊಡೆಯತೊಡಗಿದವು. ಪರಿಹಾರವಾಗಿ 2.72 ಕಿಲೋಮೀಟರ್ ಉದ್ದದ ನಾಲ್ಕು ಲೇನಿನ ಎತ್ತರದ ಹೆದ್ದಾರಿ ಕಟ್ಟಿ 2022ರ ಕೊನೆಯಲ್ಲಿ ತೆರೆದರು. ದೂರ ಹೋಗುವ ಗಾಡಿಗಳು ಮೇಲೆ ಹೋದವು. ಅಷ್ಟರ ಮಟ್ಟಿಗೆ ಇದು ಒಳ್ಳೆಯದೇ, ಆ ಲಾರಿಗಳ ಮುಂದೆ ಮಗು ದಾಟಬೇಕಾಗಿಲ್ಲ. ಆದರೆ ಹೀಗೆ ರಸ್ತೆಯನ್ನು ಮೇಲೆತ್ತಿದ ಕಡೆಯೆಲ್ಲ ಕೆಳಗಿನ ನೆಲ ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. ಭಾರೀ ಕಂಬಗಳ ಹಿಂದೆ ನಿಂತ ಮೂರೂವರೆ ಅಡಿಯ ಮಗು ಡ್ರೈವರಿಗೆ ಕಾಣುವುದಿಲ್ಲ, ಮಗುವಿಗೂ ಗಾಡಿ ಕಾಣುವುದಿಲ್ಲ. ಯೂ ಟರ್ನ್ ತೆಗೆದುಕೊಂಡು ಬರುವ ಬೈಕು ಯಾವ ಕಡೆಯಿಂದ ಎಂದು ದೊಡ್ಡವರಿಗೇ ತಿಳಿಯದು. "ಬಲ, ಎಡ, ಮತ್ತೆ ಬಲ" ಎಂಬ ಮಂತ್ರ ಅಲ್ಲಿ ನಡೆಯುವುದಿಲ್ಲ.

ಕಾನೂನು ಇಲ್ಲವೇ? ಇದೆ. 1989ರ ರಸ್ತೆ ನಿಯಮಗಳು ಪಾದಚಾರಿ ದಾಟಿನ ಹತ್ತಿರ ಡ್ರೈವರು ನಿಧಾನಿಸಬೇಕು ಎಂದಿದ್ದವು, 2017ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮ ಬಂದವು. ಕೇರಳದಲ್ಲಿ ಶಾಲೆಯ ಹತ್ತಿರ ವೇಗಮಿತಿ ಗಂಟೆಗೆ 30 ಕಿಲೋಮೀಟರ್. ಅದು ಯಾಕೆ 30 ಎಂದು ಲೆಕ್ಕ ಹಾಕಿ ನೋಡಿ. ಮಗುವನ್ನು ನೋಡಿ ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲಿ 30ರ ವೇಗದ ಕಾರು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 60ರಲ್ಲಿ ಬಂದರೆ ಅದಕ್ಕೆ ಸುಮಾರು 36 ಮೀಟರ್ ಬೇಕು. ಮೊದಲ ಕಾರು ನಿಂತುಹೋಗಿರುವ ಜಾಗದಲ್ಲಿ ಎರಡನೆಯ ಕಾರಿನ ಡ್ರೈವರು ಇನ್ನೂ ಬ್ರೇಕನ್ನೇ ಮುಟ್ಟಿರುವುದಿಲ್ಲ. ಇನ್ನು ಜೂನಿನ ಮಳೆಯಲ್ಲಿ ಕೇಳಲೇಬೇಡಿ. ನಮ್ಮಲ್ಲಿ ಶಾಲೆಯೂ ಮಳೆಯೂ ಒಟ್ಟಿಗೇ ಶುರು. ಮಗುವಿನ ಕಣ್ಣಿಗೆ ಕೊಡೆ ಅಡ್ಡ, ಡ್ರೈವರಿನ ಕಣ್ಣಿಗೆ ವೈಪರ್ ಅಡ್ಡ, ಹಳೆಯ ಪಟ್ಟಿಯ ಬಣ್ಣ ಅರ್ಧ ಅಳಿಸಿರುತ್ತದೆ, ಉಳಿದರ್ಧ ಜಾರುತ್ತದೆ.

ದೇಶದ ಲೆಕ್ಕ ನೋಡಿದರೆ, 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಕೊಯಮತ್ತೂರಿನ ಮೂಳೆ ವೈದ್ಯ ಡಾ. ಎಸ್. ರಾಜಶೇಖರನ್ 2012ರಲ್ಲಿ ಹೂಡಿದ ರಸ್ತೆ ಸುರಕ್ಷತೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 7ರಂದು ಪಾದಚಾರಿಗಳ ಬಗ್ಗೆಯೇ ಆದೇಶ ನೀಡಿತು. ಐವತ್ತು ನಗರಗಳ ಫುಟ್‌ಪಾತು, ದಾಟುವ ಜಾಗಗಳನ್ನು ಪರಿಶೀಲಿಸಬೇಕು, ರಾಜ್ಯಗಳು ಪಾದಚಾರಿಗಳ ವಿಷಯದಲ್ಲಿ ಆರು ತಿಂಗಳಲ್ಲಿ ನಿಯಮ ಮಾಡಬೇಕು ಎಂದಿತು. 2019ರ ತಿದ್ದುಪಡಿಯಲ್ಲಿ ಇನ್ನೊಂದು ಕಲಮು ಸೇರಿದೆ, 198ಎ. ಸುರಕ್ಷತೆಯ ಮಾನದಂಡ ಪಾಲಿಸದೆ ರಸ್ತೆ ಕಟ್ಟಿ ಅದರಿಂದ ಸಾವು ಅಥವಾ ಅಂಗವೈಕಲ್ಯವಾದರೆ ಕಟ್ಟಿದವರು, ನೋಡಿಕೊಳ್ಳಬೇಕಾದವರು ಒಂದು ಲಕ್ಷದವರೆಗೆ ದಂಡ ಕೊಡಬೇಕು. ದಂಡ ಚಿಕ್ಕದೇ ಇರಬಹುದು. ಆದರೆ ತಪ್ಪು ರಸ್ತೆಯದೂ ಆಗಿರಬಹುದು ಎಂದು ಕಾನೂನೇ ಒಪ್ಪಿಕೊಂಡಿತಲ್ಲ, ಅದು ದೊಡ್ಡದು.

ಹಾಗಾದರೆ ಕೇಳಬೇಕಾದ್ದೇನು? ಹೆದ್ದಾರಿಯ ಮೇಲೆ ಹಂಪ್ ಹಾಕಿ ಎಂದರೆ ಆಗುವುದಿಲ್ಲ, ರಾಷ್ಟ್ರೀಯ ಹೆದ್ದಾರಿಯ ಹಂಪುಗಳನ್ನು ತೆಗೆಯಿರಿ ಎಂದು 2016ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಹೇಳಿದೆ. ಆದರೆ ಮಕ್ಕಳು ದಿನವೂ ಓಡಾಡುವ ಕೆಳಗಿನ ರಸ್ತೆಯಲ್ಲಿ ಮಾಡಬಹುದಾದ್ದು ಬೇಕಾದಷ್ಟಿದೆ. ಪಟ್ಟಿಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿ ಕಟ್ಟಬಹುದು, ಆಗ ಡ್ರೈವರಿಗೆ ಇಷ್ಟವಿರಲಿ ಇಲ್ಲದಿರಲಿ ಗಾಡಿ ನಿಧಾನಿಸಲೇಬೇಕು. ನಡುವೆ ಮಕ್ಕಳು ನಿಂತು ಉಸಿರಾಡಲು ಒಂದು ಕಟ್ಟೆ, ಕಂಬದ ಮರೆಯಿಂದ ಹತ್ತು ಹೆಜ್ಜೆ ದೂರಕ್ಕೆ ದಾಟು, ಪಟ್ಟಿಯ ಹತ್ತಿರ ಗಾಡಿ ನಿಲ್ಲಿಸದಂತೆ ತಡೆ, ಸಂಜೆ ಟ್ಯೂಷನ್ ಮುಗಿಸಿ ಬರುವವರಿಗೆ ಒಂದು ದೀಪ. ಶಾಲೆಯ ಹೊತ್ತಿಗೆ ಸಂಬಳ ಪಡೆಯುವ ಒಬ್ಬ ದೊಡ್ಡವರು, ಬಾತ್ ನಗರ 1937ರಲ್ಲಿ ಕೊಟ್ಟ ಹಾಗೆ. ಇದರಲ್ಲಿ ಯಾವುದಕ್ಕೂ ಮೇಲ್ಸೇತುವೆಯಷ್ಟು ದುಡ್ಡು ಬೇಡ.

ಪರಸ್ಥಳದಿಂದ ಬಂದ ನಮಗೆ ಇದರಲ್ಲೇನು ಪಾತ್ರ ಎನ್ನಬೇಡಿ. ಕೇರಳದಲ್ಲಿ ಪಿಟಿಎ ಅಂದರೆ ಕೈ ಕಟ್ಟಿ ಕೂರುವ ಸಭೆಯಲ್ಲ. ರೆಸಿಡೆಂಟ್ಸ್ ಅಸೋಸಿಯೇಷನ್ನಿನ ಮಾತಿಗೂ ವಾರ್ಡಿನ ಮೆಂಬರು ಕಿವಿಗೊಡುತ್ತಾರೆ. ಮಲಯಾಳ ತಪ್ಪು ತಪ್ಪಾಗಿ ಆಡಿದರೂ ಯಾರೂ ಬೇಸರಿಸಿದ್ದು ನಾನು ಕಂಡಿಲ್ಲ. ಏಪ್ರಿಲ್-ಮೇ ರಜೆಯಲ್ಲಿ ಊರಿಗೆ ಹೊರಡುವ ಮುಂಚೆ ಮಗುವಿನ ಶಾಲೆಯ ಮುಂದಿನ ರಸ್ತೆಯನ್ನು ಒಮ್ಮೆ ಮಗುವಿನ ಎತ್ತರಕ್ಕೆ ಬಾಗಿ ನೋಡಿ. ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಬರೆದಿಡಿ. ಆ ರಸ್ತೆ ಯಾರ ವಶದಲ್ಲಿದೆ, ಹೆದ್ದಾರಿ ಪ್ರಾಧಿಕಾರವೋ, ಪಿಡಬ್ಲ್ಯುಡಿಯೋ, ಕಾರ್ಪೊರೇಷನ್ನೋ ಎಂದು ಕೇಳಿ ತಿಳಿದು ಅವರಿಗೇ ಅರ್ಜಿ ಕೊಡಿ. ಪ್ರತಿ ಇಟ್ಟುಕೊಳ್ಳಿ. ಬಣ್ಣ ಹಚ್ಚುವುದಾದರೆ ಮಳೆ ಬೀಳುವ ಮುಂಚೆಯೇ ಹಚ್ಚಬೇಕು, ಜೂನ್ ಒಂದಕ್ಕೆ ಶಾಲೆಯ ಬಾಗಿಲು ತೆರೆಯುತ್ತದೆ.